ಬೇಲಿಯೊಳಗಿನ ಜೇಕು

ಬೇಲಿ ಹಾಕಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಬೈಯಿರಿ.

ಕೆರೆಯಂಚಿನ ಜೌಗಿನಲ್ಲಿ ಒಂದು ಜಾತಿಯ ಜೇಕು ಬೆಳೆಯುತ್ತಿತ್ತು. ಗೇಣುದ್ದ, ನೋಡಲು ಹುಲ್ಲೇ. ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಸಿಗುತ್ತವೆ. ಸುತ್ತಲಿನ ಯಾವ ಕೆರೆಯಲ್ಲೂ ಇದು ಉಳಿದಿಲ್ಲ ಎಂದು ಗಿಡಗಳ ಆಫೀಸಿನ ಮೇಡಂ ಬಂದು ಎಣಿಸಿದರು. ನಲವತ್ತೊಂದು ಬುಡ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಕಾವಲಿಗಿಟ್ಟು, "ದನಕರು ಕಾಲಿಡಬಾರದು" ಎಂದರು. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ನಂಬಿದ್ದರು.

ಅಲ್ಲಿ ಎಮ್ಮೆ ಬಿಡುತ್ತಿದ್ದವನು ನನ್ನ ಸೋದರಮಾವ.

"ಏನೋ ಅಳಿಯ, ಹುಲ್ಲಿಗೆ ಪೊಲೀಸಾದ್ಯಾ?" ಎಂದು ನಕ್ಕ. "ನಮ್ಮಪ್ಪನ ಕಾಲದಿಂದ ಎಮ್ಮೆ ಇಲ್ಲೇ ಹೊರಳಾಡ್ತಿವೆ. ಸತ್ತಿತ್ತೇನೋ ನಿನ್ನ ಹುಲ್ಲು?"

"ಸಂಬಂಧ ಮನೇಲಿಟ್ಕೋ ಮಾವ. ಒಳಗೆ ಬಿಟ್ರೆ ಕೇಸು."

ಅವನ ನಗು ನಿಂತಿತು. ಎಮ್ಮೆ ಹೊಡೆದುಕೊಂಡು ಹೋದವನು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ.

ಮೊದಲ ವರ್ಷ ಬೇಲಿಯೊಳಗೆ ಜೇಕಿನ ನಡುವೆ ಜೊಂಡುಹುಲ್ಲು ಸೊಂಟದವರೆಗೆ ಬಂತು. ಎರಡನೇ ವರ್ಷ ತಲೆ ಮುಳುಗುವಷ್ಟು. ಹಸಿರು ಉಕ್ಕುತ್ತಿದೆ ಎಂದು ಹಿಗ್ಗಿದೆನಲ್ಲ, ಥೂ! ಮೂರನೇ ವರ್ಷ ಮೇಡಂ ಜೊಂಡು ಸರಿಸಿ ಎಣಿಸಿದರು. ಎರಡು ಬುಡ.

"ಬಿಸಿಲೇ ಬಿದ್ದಿಲ್ಲ. ಎಮ್ಮೆಗಳು ಜೊಂಡು ಮೇದು, ಕೆಸರು ತುಳಿದು ಇದಕ್ಕೆ ಜಾಗ ಮಾಡ್ತಿದ್ವು ಅನ್ಸುತ್ತೆ."

"ಈಗ ಅನ್ಸುತ್ತಾ ಮೇಡಂ?"

"ವರದಿ ಕಳಿಸ್ತೀನಿ," ಎಂದು ಜೀಪು ಹತ್ತಿದರು.

ಮಾವನ ಮನೆಗೆ ಓಡಿದೆ. ಕೊಟ್ಟಿಗೆಯಲ್ಲಿ ಬರೀ ಗೂಟಗಳು, ಒಂದಕ್ಕೆ ಸೈಕಲ್ಲು ಒರಗಿಸಿದ್ದ.

"ಮಾರಿ ಎರಡು ವರ್ಷ ಆಯ್ತು ಕಣೋ. ಮೇಯೋಕೆ ನಿನ್ನ ಕೇಸಿನ ಕಾಗದ ಹಾಕ್ಬೇಕಿತ್ತಾ?"

"ತಪ್ಪಾಯ್ತು ಮಾವ. ಕಾಲಿಗೆ ಬೀಳ್ತೀನಿ."

"ಬೀಳು. ಎದ್ದ ಮೇಲೆ ಎಮ್ಮೆ ಬರ್ತವಾ?"

ಕುಡುಗೋಲು ಹಿಡಿದು ಜೌಗಿಗಿಳಿದೆ. ಬೇಲಿ ಕಿತ್ತೆಸೆದೆ. ಮಧ್ಯಾಹ್ನದವರೆಗೆ ಕೊಯ್ದೆ, ಅಂಗೈ ಸೀಳಿ ರಕ್ತ ಬಂತು, ಜೊಂಡು ಮಾತ್ರ ಗೋಡೆಯಂತೆ ನಿಂತೇ ಇತ್ತು. ಎರಡರಲ್ಲಿ ಒಂದು ಬುಡ ಎಷ್ಟು ಹುಡುಕಿದರೂ ಸಿಗಲಿಲ್ಲ. ನನ್ನ ಕಾಲಡಿಗೇ ಹೋಯಿತೋ ಏನೋ. ಉಳಿದ ಒಂದರ ಸುತ್ತ, ಹುಚ್ಚು ಹಿಡಿದವನಂತೆ, ಕೆಸರು ತುಳಿಯತೊಡಗಿದೆ.

ದಂಡೆಯ ಮೇಲೆ ಮಾವ ಬಂದು ನಿಂತಿದ್ದ. ನಗಲಿಲ್ಲ.

"ತುಳಿದ್ರೆ ಸಾಲದು. ಎಮ್ಮೆ ಇಡೀ ಮೈ ಹಾಕಿ ಹೊರಳುತ್ತೆ."

"ಬಾ ಮಾವ, ತೋರ್ಸು."

ಅವನು ಚಪ್ಪಲಿ ಬಿಡಲಿಲ್ಲ. ನಾನು ಕೆಸರಿನಲ್ಲಿ ಮಲಗಿ ಹೊರಳಿದೆ.