ಕೈ ಕಂಡರೆ ನಿಲ್ಲಬೇಕಾದ ಯಂತ್ರ

ಯಂತ್ರ ನಿಂತಿತು, ಆದರೆ ತಡವಾಗಿ. ಅಷ್ಟರಲ್ಲಿ ಕಾಯಿ ಹಾಕುತ್ತಿದ್ದ ಕೆಲಸದಾಕೆ ಸುನಂದಾಳ ರಬ್ಬರ್ ಗ್ಲೌಸಿನ ತುದಿ ಚೂರಾಗಿ ಕಾಯಿತುರಿಯ ಜೊತೆ ಉದುರಿತ್ತು. ಬೆರಳು ಉಳಿದದ್ದೇ ಹೆಚ್ಚು.

ತುರುವೇಕೆರೆ ರಸ್ತೆಯ ಆ ಕಾಯಿಪುಡಿ ಕಾರ್ಖಾನೆಗೆ ಪವಿತ್ರಾ ತಿಪಟೂರಿನಿಂದ ಓಡಿ ಬಂದಾಗ ಹನ್ನೊಂದು ಗಂಟೆ. ತುರಿಯುವ ಯಂತ್ರದ ಬಾಯಿಗೆ ಕೈ ಹೋದರೆ ಕ್ಯಾಮೆರಾದಲ್ಲಿ ಕಂಡು ನಿಲ್ಲಿಸುವ ಪುಟ್ಟ ಕಂಪ್ಯೂಟರನ್ನು ಕೂರಿಸಿದವಳು ಅವಳೇ. ಅದರ ಆಪರೇಟಿಂಗ್ ಸಿಸ್ಟಂನಲ್ಲಿ ಮೆಮೊರಿ ಹಂಚುವ ಭಾಗವನ್ನು ಬರೆದವಳೂ ಅವಳೇ.

"ಒಡೆದ ಕಾಯಿ ರಾಶಿ ಬಿದ್ದದೆ. ಮೂರಕ್ಕೆ ಶುರು ಮಾಡ್ದಿದ್ರೆ ಹುಳಿ ಬತ್ತದೆ ಕಣಮ್ಮ," ಎಂದರು ಮಾಲೀಕ ಗಂಗಾಧರಯ್ಯ.

ಸುನಂದಾ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೊರಗಿ ಕೂತಿದ್ದಳು. ಅವಳ ಕಡೆ ನೋಡಲು ಪವಿತ್ರಾಗೆ ಧೈರ್ಯ ಬರಲಿಲ್ಲ.

ಹಿಂದಿನ ದಿನ ಎರಡನೇ ಕ್ಯಾಮೆರಾ ಸೇರಿಸಿದಾಗಿನಿಂದ ಕಂಪ್ಯೂಟರು ಹಿಂದೆ ಬೀಳುತ್ತಿತ್ತು. ಚಿತ್ರದ ಪ್ರತಿ ತುಣುಕಿಗೂ ಮೆಮೊರಿಯಲ್ಲಿ ಒಂದು ಜಾಗ ಬೇಕು. ಕೆಲಸ ಮುಗಿದೊಡನೆ ಬಿಟ್ಟುಕೊಡಬೇಕು. ಬಿಟ್ಟ ಜಾಗ ಸಾಲಿನ ಕೊನೆಗೆ ಹೋಗುವಂತೆ ಪವಿತ್ರಾ ಬರೆದಿದ್ದಳು. ತಡಕ್ಕೆ ಅದೇ ಕಾರಣವೆಂದು ಅವಳಿಗೀಗ ಹೊಳೆಯಿತು.

"ಏನಾಗಿತ್ತು ಹೇಳವ್ವ," ಎಂದಳು ಸುನಂದಾ.

"ತಪ್ಪು ನಂದೇ ಕಣಕ್ಕ. ಈಗ ತಾನೇ ಬಿಟ್ಟ ಜಾಗ ಪ್ರೊಸೆಸರ್ ಪಕ್ಕದಲ್ಲೇ, ಕ್ಯಾಶ್ ಅನ್ನೋ ಬೇಗ ಸಿಗೋ ಪುಟ್ಟ ಮೆಮೊರಿಯಲ್ಲಿ ಇರ್ತದೆ. ಅದನ್ನ ಬುಟ್ಟು, ಯಾವಾಗಲೋ ಬಿಟ್ಟಿದ್ದನ್ನ ದೂರದ ಮೆಮೊರಿಯಿಂದ ತರಿಸ್ತಿದ್ದೆ. ಒಂದೊಂದು ಸಲಕ್ಕೆ ಚಿಟಿಕೆಯಷ್ಟೂ ತಡ ಆಗಲ್ಲ. ಆದ್ರೆ ಸಾವಿರಾರು ಸಲ."

ಪವಿತ್ರಾ ಕೊನೆಯಲ್ಲಿ ಬಿಟ್ಟ ಜಾಗವನ್ನೇ ಮೊದಲು ಕೊಡುವಂತೆ ತಿದ್ದಿದಳು. ಗ್ಲೌಸಿಗೆ ತೆಂಗಿನ ನಾರು ತುಂಬಿ, ಬಿದಿರಿನ ಗಳಕ್ಕೆ ಕಟ್ಟಿ, ಯಂತ್ರದ ಬಾಯಿಗೆ ಹಿಡಿದಳು. ಮೂವತ್ತು ಸಲ ತಕ್ಷಣ ನಿಂತಿತು. ಮೂವತ್ತೊಂದನೇ ಸಲ ಗ್ಲೌಸನ್ನು ಕಚ್ಚಿಯೇ ನಿಂತಿತು.

ಪವಿತ್ರಾ ಮತ್ತೆ ಕೋಡ್ ತೆರೆದಳು. ಗಡಿಯಾರದಲ್ಲಿ ಎರಡೂಕಾಲು.

ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಎರಡು ಕೋರುಗಳೂ ಖಾಲಿ ಜಾಗಗಳ ಒಂದೇ ದಾಸ್ತಾನಿಗೆ ಕೈ ಹಾಕುತ್ತಿದ್ದವು. ಒಂದು ಎತ್ತಿಕೊಳ್ಳುವವರೆಗೆ ಇನ್ನೊಂದು ಕಾಯಬೇಕು. ಕಾದು ಪಡೆದ ಜಾಗವೂ ಮತ್ತೊಂದರ ಕ್ಯಾಶ್‌ನಲ್ಲಿದ್ದದ್ದು. ಪವಿತ್ರಾ ಪ್ರತಿ ಕೋರಿಗೂ ಅದರದೇ ಸಣ್ಣ ದಾಸ್ತಾನು ಮಾಡಿಕೊಟ್ಟಳು. ಅದು ಮಿತಿ ಮೀರಿದಾಗ ಮಾತ್ರ ಹೆಚ್ಚಾದದ್ದು ಕಂತೆಯಾಗಿ ಸಾಮಾನ್ಯ ದಾಸ್ತಾನಿಗೆ ಹೋಗಬೇಕು.

ಮತ್ತೆ ಬಿದಿರು ಹಿಡಿದಳು. ಐವತ್ತು ಸಲ ಸರಿಯಾಗಿ ನಿಂತಿತು.

"ಸಾಕು ಬುಡಮ್ಮ, ಮೂರಾಯ್ತು," ಎಂದು ಗಂಗಾಧರಯ್ಯ ಎದ್ದರು.

"ಇನ್ನೂರಾಗ್ಲಿ ಸ್ವಾಮಿ," ಸುನಂದಾ ಎದ್ದು ನಿಂತಳು. "ಬೆರಳು ನಮ್ದು."

ಅವರು ಮತ್ತೆ ಕೂತರು. ಎಣಿಸಿದವಳು ಸುನಂದಾಳೇ. ನೂರ ಎಂಬತ್ತು ದಾಟಿದ ಮೇಲೆ ಅವಳ ದನಿಯೂ ತಗ್ಗಿತು. ಇನ್ನೂರಕ್ಕೆ ಇನ್ನೂರೂ ನಿಂತಿತು.

ಆದರೂ ಪವಿತ್ರಾ ಸ್ವಿಚ್ಚಿನ ಮುಂದಿನಿಂದ ಸರಿಯಲಿಲ್ಲ. "ಕಂಪ್ಯೂಟರ್ ಒಂದನ್ನೇ ನಂಬಬ್ಯಾಡಿ ಸಾರ್. ಬಾಯಿಗೆ ಕಬ್ಬಿಣದ ಜಾಲರಿ ಹಾಕ್ಸಿ, ಆಮೇಲೆ ಶುರು ಮಾಡಿ."

ಗಂಗಾಧರಯ್ಯ ಕಾಯಿರಾಶಿಯನ್ನೂ ಸುನಂದಾಳನ್ನೂ ನೋಡಿ, ಬೈದುಕೊಂಡೇ ವೆಲ್ಡರಿಗೆ ಫೋನ್ ಮಾಡಿದರು. ಅರ್ಧ ರಾಶಿಯನ್ನು ಕೊಬ್ಬರಿಗೆಂದು ಬಿಸಿಲಿಗೆ ಹಾಕಿದರು, ಉಳಿದರ್ಧ ಹುಳಿಯಾಯಿತು. ಸೋಮವಾರ ಜಾಲರಿ ಬಂತು. ಅದರೊಳಕ್ಕೆ ಕೈ ತೂರದೆಂದು ತಾನೇ ನೋಡಿಕೊಂಡ ಮೇಲೆ ಸುನಂದಾ ಕೆಲಸಕ್ಕೆ ನಿಂತಳು.