ಕಂಪ್ಯೂಟರಿನ ಜವಳಿ

"ಇದಕ್ಕಿಂತಾ ಚೊಲೋದು ಇದ್ರ ತಗೀರಿ," ಎಂದು ಗುರುಬಸವ್ವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲೆತ್ತಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು. ನಾಸೀರನ ಅಂಗಡಿಯ ಮೇಜಿನ ಮೇಲೆ ಆಗಲೇ ನಾಲ್ಕು ಕಂಪ್ಯೂಟರ್ ಡಬ್ಬಿಗಳು ಬಿಚ್ಚಿಕೊಂಡು ನಿಂತಿದ್ದವು. ಸೊಲ್ಲಾಪುರ ರಸ್ತೆಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಮಾರುತ್ತಿದ್ದ ನಾಸೀರ, ಗೇಮ್ ಆಡುವ ಕಂಪ್ಯೂಟರ್ ಕೊಳ್ಳಲು ಅತ್ತೆ ಸೊಸೆ ಕೂಡಿ ಬಂದದ್ದನ್ನು ಇದೇ ಮೊದಲು ಕಂಡದ್ದು. ಆದರೂ ಗಿರಾಕಿ ಗಿರಾಕಿಯೇ ಎಂದುಕೊಂಡು ಐದನೆಯ ಡಬ್ಬಿ ತರಲು ಒಳಗೆ ಹೋದ.

ಸಂಗನಬಸವ ಇಬ್ಬರ ಹಿಂದೆ ನಿಂತಿದ್ದ. ಊರಲ್ಲಿ ಅವನನ್ನು ಸಂಗು ಎನ್ನುತ್ತಿದ್ದರು. ಅವನ ಕಣ್ಣು ಡಬ್ಬಿಗಳ ಮೇಲೆ ಇರಲಿಲ್ಲ, ಹೆಂಡತಿ ವಿದ್ಯಾವತಿಯ ಮುಖದ ಮೇಲಿತ್ತು. ನಾಲ್ಕು ಡಬ್ಬಿ ತೋರಿಸಿದಾಗಲೂ ಅವಳು ನಾಲ್ಕು ಸಲ ಅದೇ ಮಾತು ಹೇಳಿದ್ದಳು.

"ಚೊಲೋ ಐತ್ರಿ."

ಮದುವೆಯಾಗಿ ಐದು ತಿಂಗಳಾಗಿತ್ತು. ಈ ಐದು ತಿಂಗಳಲ್ಲಿ ಬಿಜ್ಜರಗಿಯ ಆ ಮನೆಯಲ್ಲಿ ವಿದ್ಯಾವತಿ ಒಮ್ಮೆಯೂ ಬ್ಯಾಡ ಎಂದದ್ದಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಚೊಲೋ ಐತ್ರಿ, ಫ್ಯಾನಿನ ಕೆಳಗಿನ ಜಾಗವನ್ನು ಮಾವ ಹಿಡಿದರೂ ಚೊಲೋ ಐತ್ರಿ. ಕೇಳಿದವರೆಲ್ಲ ಎಂಥಾ ಗುಣವಂತ ಸೊಸೆ ಎಂದು ಹೊಗಳುತ್ತಿದ್ದರು. ಸಂಗುವಿಗೆ ಮಾತ್ರ ದಿನ ಕಳೆದಂತೆ ಅದೊಂದು ಸಂಕಟವಾಯಿತು. ಬಾಡಿಗೆ ಮನೆಯಲ್ಲಿ ಇರುವವರು ಗೋಡೆಗೆ ಮೊಳೆ ಹೊಡೆಯಲು ಅಂಜುವಂತೆ ಅವಳು ತನ್ನ ಮನೆಯಲ್ಲಿ ಇದ್ದಾಳೆ ಎಂದು ಅವನಿಗೆ ಅನಿಸುತ್ತಿತ್ತು. ಒಂದು ಸಲವಾದರೂ ಅವಳು ಬಾಯಿಬಿಟ್ಟು ತನಗೆ ಏನು ಬೇಕು, ಏನು ಬೇಡ ಎಂದು ಹೇಳಬೇಕು. ಅವನಿಗೆ ಬೇಕಿದ್ದುದು ಅಷ್ಟೇ.

ಇದರ ಬೀಜ ಜವಳಿಯ ದಿನವೇ ಬಿದ್ದಿತ್ತೇನೋ. ಮದುವೆಗೆ ಮುಂಚೆ ಎರಡೂ ಮನೆಯವರು ಕೂಡಿ ಅರಿವೆ ಅಂಗಡಿಗೆ ಹೋಗಿ ಜವಳಿ ಮಾಡುವುದು ನಡೆದು ಬಂದ ಪದ್ಧತಿ. ಹದಿನಾಲ್ಕು ಮಂದಿ ಗಾದಿಯ ಮೇಲೆ ಕುಳಿತು, ಹದಿನಾಲ್ಕು ಮಂದಿಯೂ ಮಾತಾಡಿ, ಕಟ್ಟಕಡೆಗೆ ಉಡುವವಳನ್ನು ಕೇಳುತ್ತಾರೆ. ಅಷ್ಟೊತ್ತಿಗೆ ಬಿಲ್ಲು ಅರ್ಧ ಬರೆದಾಗಿರುತ್ತದೆ. ಗುರುಬಸವ್ವ ಗಿಳಿಹಸಿರು ಬಣ್ಣದ ರೇಷ್ಮೆ ಸೀರೆಯೊಂದನ್ನು ವಿದ್ಯಾವತಿಯ ಹೆಗಲ ಮೇಲೆ ಹೊದಿಸಿ, "ಹೆಂಗೈತಿ?" ಎಂದಿದ್ದಳು. ಎದುರಿಗೆ ಕುಳಿತ ಸಂಗು ಆ ಹುಡುಗಿಯ ಕಣ್ಣು ಬೇರೆ ಕಡೆ ಹೋಗಿ ಬಂದದ್ದನ್ನು ನೋಡಿದ್ದ. "ಚೊಲೋ ಐತ್ರಿ," ಎಂದಿದ್ದಳು.

ಕಂಪ್ಯೂಟರಿನ ಸುದ್ದಿ ಹೊರಬಿದ್ದದ್ದು ರೊಟ್ಟಿ ಬಡಿಯುವಾಗ. ಹಂಚಿನ ಮೇಲೆ ರೊಟ್ಟಿ ಬೇಯುವ ತನಕ ವಿದ್ಯಾವತಿಯ ಎಡಗೈಯ ಮೂರು ಬೆರಳು ಹಿಟ್ಟು ನಾದುವ ಕೊಣಮಿಗೆಯ ಅಂಚಿನ ಮೇಲೆ ತಾವೇ ಕುಣಿಯುತ್ತಿದ್ದವು. ಸಂಗುವಿಗೆ ಅದೇನೆಂದು ತಿಳಿಯಲಿಲ್ಲ. ಅವಳ ಗೆಳತಿ ಶಮಾ ಕಾಖಂಡಕಿಯಿಂದ ಭೇಟಿಗೆ ಬಂದಾಗ ನಕ್ಕು ಹೇಳಿದಳು, "ಅದು ಕೀಬೋರ್ಡ್ ರಿ, ಅಣ್ಣಾರ. ಬಬಲೇಶ್ವರದಾಗ ಈಕಿ ಅಣ್ಣನ ಝರಾಕ್ಸ್ ಅಂಗಡಿಯೊಳಗ ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾವಿಬ್ರೂ ಕುಂತು ಗೇಮ್ ಆಡತಿದ್ವಿ. ಮೂರ ವರ್ಷ. ಈಕಿ ಆಡಾಕ ಕುಂತ್ರ ನನಗ ಎಷ್ಟ ಬೈತಿದ್ಲು ಗೊತ್ತೈತೇನ್ರಿ?"

ವಿದ್ಯಾವತಿ ಬೈಯುತ್ತಿದ್ದಳು ಎಂಬುದು ಸಂಗುವಿನ ಕಿವಿಗೆ ಸಕ್ಕರೆಯಾಗಿ ಬಿದ್ದಿತು. ಆ ವರ್ಷದ ಒಣದ್ರಾಕ್ಷಿ ಮಾರಿದ ಮೇಲೆ ಐವತ್ತು ಸಾವಿರ ಬೇರೆ ತೆಗೆದಿಟ್ಟು, ಒಂದು ಕಂಪ್ಯೂಟರ್ ತರೋಣೇನು ಎಂದು ಕೇಳಿದ. ಅವಳ ಮುಖ ಅರಳಿ ಮತ್ತೆ ಮುಚ್ಚಿಕೊಂಡಿತು. "ನಿಮ್ಮ ಇಷ್ಟರಿ," ಎಂದಳು. ಗುರುಬಸವ್ವನಿಗೆ ಗೊತ್ತಾದಾಗ ಅವಳು ಬೇಡವೆನ್ನಲಿಲ್ಲ, "ನಾನೂ ಬರತೇನಿ. ನಾ ನೋಡಿ ಆರಿಸದ ಸಾಮಾನ ಈ ಮನಿಗೆ ಯಾವುದು ಬಂದೈತಿ?" ಎಂದಳು, ಅಷ್ಟೇ.

ನಾಸೀರ ಐದನೆಯ ಡಬ್ಬಿ ತಂದು ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ಮುಂದೆಯೂ ಪಕ್ಕದಲ್ಲಿಯೂ ಗಾಜು, ಒಳಗೆ ಆರು ಫ್ಯಾನು, ಆರಕ್ಕೂ ದೀಪ. ಕೆಂಪು ಹೋಗಿ ನೀಲಿ, ನೀಲಿ ಹೋಗಿ ಹಸಿರು. ಗುರುಬಸವ್ವ ಕುರ್ಚಿಯಿಂದ ಕಾಲಿಳಿಸಿ ಮುಂದಕ್ಕೆ ಬಾಗಿದಳು. ಅರವತ್ತರ ಆ ಮುಖದ ಮೇಲೆ ಬಣ್ಣಗಳು ಒಂದರ ಹಿಂದೊಂದು ಹರಿದುಹೋದವು.

"ಇದ ಇರಲಿ," ಎಂದಳು. "ವಿದ್ಯಾ, ಹೆಂಗೈತಿ?"

"ಚೊಲೋ ಐತ್ರಿ."

ಸಂಗುವಿನ ಜೀವ ಚಿಕ್ಕದಾಯಿತು. ಹಣ ಹೋದರೆ ಹೋಗಲಿ, ಇದೂ ಜವಳಿಯೇ ಆಯಿತಲ್ಲ ಎಂದುಕೊಂಡ. ನಾಸೀರ ಬಿಲ್ ಪುಸ್ತಕ ಎಳೆದುಕೊಂಡು, "ರೆಡಿ ಸೆಟ್ ಐತ್ರಿ, ಯವ್ವಾರ. ಒಯ್ದು ಪಿನ್ ಹಚ್ಚೂದಷ್ಟ," ಎನ್ನುತ್ತಿದ್ದ. ಆಗ ವಿದ್ಯಾವತಿ ಎದ್ದು ಡಬ್ಬಿಯ ಹಿಂಬದಿಗೆ ಹೋಗಿ ಬಗ್ಗಿ ನೋಡಿದಳು. ಮುಂದಿನ ಗಾಜಿನ ಅಂಚಿಗೆ ಅಂಗೈ ಹಿಡಿದು ನೋಡಿದಳು.

"ಇದರ ಪವರ್ ಸಪ್ಲೈ ಯಾವ ಕಂಪನೀದ್ರಿ?"

"ಅದು ಯಾವುದಿದ್ರೂ ನಡೀತೈತ್ರಿ, ಅಕ್ಕಾರ. ಒಳಗ ಇರೂದು, ಯಾರ ನೋಡ್ತಾರ?"

ವಿದ್ಯಾವತಿ ಸೆರಗಿನ ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿದಳು, ಬಿಚ್ಚಿದಳು. ಮತ್ತೆ ಸುತ್ತಿದಳು.

"ಇದು ಬ್ಯಾಡ್ರಿ," ಎಂದಳು.

ನಾಸೀರನ ಪೆನ್ನು ನಿಂತಿತು. ಗುರುಬಸವ್ವ ತಿರುಗಿ ಸೊಸೆಯನ್ನು ನೋಡಿದಳು. ಒಮ್ಮೆ ಹೊರಬಿದ್ದ ಮೇಲೆ ವಿದ್ಯಾವತಿಯ ಮಾತು ನಿಲ್ಲಲಿಲ್ಲ.

"ರೊಕ್ಕ ಎಲ್ಲಾ ದೀಪಕ್ಕ ಹೋಗೇತ್ರಿ. ನಮ್ಮೂರ ಕರೆಂಟ್ ಹೆಂಗ ಬರತೈತಿ, ಹೆಂಗ ಹೋಗತೈತಿ ನಿಮಗ ಗೊತ್ತಿಲ್ಲೇನ್ರಿ? ಹಗರ ಪವರ್ ಸಪ್ಲೈ ಹಾಕಿದ್ರ ಒಂದಿನಾ ಎಲ್ಲಾ ಸುಟ್ಟು ಕುಂದರತೈತಿ. ಮತ್ತ ಮುಂದ ಪೂರಾ ಗಾಜ ಐತಿ, ಗಾಳಿ ಎಲ್ಲಿಂದ ಹೊಕ್ಕೈತ್ರಿ? ಜಾಳಿಗಿ ಇದ್ದದ್ದು ತಗೀರಿ. ಚಂದ ಇರದಿದ್ರೂ ನಡೀತೈತಿ."

ಗಾಳಿಯ ಮಾತು ಸಂಗುವಿಗೆ ಕೂಡಲೇ ತಿಳಿಯಿತು. ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಯಾರಾದರೂ ಗೋಡೆ ಕಟ್ಟುತ್ತಾರೆಯೇ? ಅವನು ಅದನ್ನು ಹೇಳಹೋದ, ಹೆಂಡತಿಯ ಮಾತಿಗೆ ಅಡ್ಡ ಬರಬಾರದೆಂದು ನುಂಗಿಕೊಂಡ.

ಅಲ್ಲಿಂದ ಮುಂದೆ ಅಂಗಡಿಯಲ್ಲಿ ಕುಳಿತವಳು ಬೇರೆ ವಿದ್ಯಾವತಿ. ಪ್ರೊಸೆಸರ್ ನಡುವಿನದು ಸಾಕು ಎಂದಳು. ಪರದೆಯ ಮೇಲೆ ಗೇಮಿನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಹಾಕಬೇಕು ಎಂದಳು. ಹೊಸದು ಕೈಗೆ ನಿಲುಕದು, ಬಳಸಿದ್ದು ಇದ್ದರೆ ತೆಗೆಯಿರಿ, ಆದರೆ ಅರ್ಧ ತಾಸು ಓಡಿಸಿ ತೋರಿಸಿರಿ ಎಂದಳು. ನಾಸೀರ ಎರಡು ಕಾರ್ಡು ತಂದ. ಮೊದಲನೆಯದು ಓಡುವಾಗ ಅವಳು ಕಿವಿಯನ್ನು ಹತ್ತಿರ ಒಯ್ದು ಫ್ಯಾನಿನ ಸಪ್ಪಳ ಕೇಳಿ, "ಇದು ಕೆಮ್ಮಾಕತ್ತೈತ್ರಿ," ಎಂದು ಪಕ್ಕಕ್ಕಿಟ್ಟಳು. ಎರಡನೆಯದನ್ನು ಒಪ್ಪಿದಳು. ನಾಸೀರ ಬಿಲ್ ಪುಸ್ತಕ ಮುಚ್ಚಿಟ್ಟು ತಾನೂ ಕುಳಿತು, ಚಹಾ ತರಿಸಿದ.

"ರ್‍ಯಾಮ್ ಹದಿನಾರರದು ಒಂದ ಹಾಕ್ಲಿ, ಅಕ್ಕಾರ?"

"ಬ್ಯಾಡ್ರಿ. ಎಂಟರದು ಎರಡ ಹಾಕ್ರಿ."

ತುಟಿ ಬಿಗಿದು ಕುಳಿತಿದ್ದ ಗುರುಬಸವ್ವನಿಗೆ ತಡೆಯಲಾಗಲಿಲ್ಲ. "ಲೆಕ್ಕ ಒಂದ ಆತಲ್ಲ. ಎರಡ್ಯಾಕ?"

"ಜೋಡ ಇದ್ರ ಚುರುಕ ಓಡತೈತ್ರಿ, ಅತ್ತಿ. ಒಂದಕ್ಕ ಭಾರ ಬೀಳೂದಿಲ್ಲ."

"ಬೀಸುಕಲ್ಲಿಗೆ ಇಬ್ರು ಕುಂತಂಗ," ಎಂದು ಗುರುಬಸವ್ವ ತನಗೆ ತಾನೇ ಅಂದುಕೊಂಡಳು. ಆಮೇಲೆ ತಾನು ಸಿಟ್ಟಿನಲ್ಲಿರುವುದು ನೆನಪಾಗಿ ಮತ್ತೆ ಬಾಯಿ ಮುಚ್ಚಿದಳು.

ಪರದೆ, ಕೀಬೋರ್ಡ್, ಹೆಡ್‌ಫೋನ್ ಆರಿಸಿ, ಡಿಸ್ಕಿಗೆ ಗೇಮ್ ತುಂಬಿಸಿಕೊಂಡು ಎಲ್ಲ ಮುಗಿದ ಮೇಲೆ ನಾಸೀರ ಸಾಮಾನು ಜೋಡಿಸಿಕೊಡುತ್ತೇನೆ ಎಂದಾಗ, ಬ್ಯಾಡ, ಮನೆಯಲ್ಲಿ ನಾನೇ ಜೋಡಿಸುತ್ತೇನೆ ಎಂದಳು. ಸಂಗು ಸಾಮಾನು ಎತ್ತಿಕೊಳ್ಳುತ್ತಿದ್ದಂತೆ ಅವಳು ಮೇಜಿನತ್ತ ಬಾಗಿ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದ್ದು ಕೇಳಿಸಿತು. "ಮುಂದ ಹಾಕಾಕ ಬಣ್ಣದ ದೀಪ ಇರೂ ಫ್ಯಾನ್ ಒಂದ ಕೊಡ್ರಿ." ದೀಪ ಬೇಡವೆಂದವಳು ಹೀಗೇಕೆ ಹೇಳಿದಳೆಂದು ಅವನಿಗೆ ಅರ್ಥವಾಗಲಿಲ್ಲ.

ದ್ರಾಕ್ಷಿ ಸಾಗಿಸುವ ಟೆಂಪೋದಲ್ಲಿ ಮೂವರೂ ಮುಂದೆಯೇ ಕುಳಿತರು. ವಿದ್ಯಾವತಿ ನಡುವೆ, ತೊಡೆಯ ಮೇಲೆ ಕಾರ್ಡಿನ ಡಬ್ಬಿ. ಗುರುಬಸವ್ವ ಕಿಟಕಿಯ ಕಡೆ. ಸಂಗು ಗಾಡಿ ಓಡಿಸುತ್ತ ಶಹರ ದಾಟಿ ಟಿಕೋಟಾದ ಹಾದಿ ಹಿಡಿದ. ಅಂಗಡಿಯಲ್ಲಿ ಉಬ್ಬಿದ್ದ ಅವನ ಮನಸ್ಸು ಈಗ ಪುಕುಪುಕು ಅನ್ನತೊಡಗಿತ್ತು. ಅವ್ವನ ಸಿಟ್ಟು ಅವನಿಗೆ ಗೊತ್ತು. ಕೂಗಾಡುವ ಸಿಟ್ಟಲ್ಲ, ವಾರಗಟ್ಟಲೆ ಮಾತು ಬಿಡುವ ಸಿಟ್ಟು. ಅವಳು ಹಾಗೆ ಸುಮ್ಮನಾಗಿಬಿಟ್ಟರೆ ವಿದ್ಯಾವತಿ ಇನ್ನು ಜನ್ಮದಲ್ಲಿ ಬ್ಯಾಡ ಎನ್ನಲಿಕ್ಕಿಲ್ಲ.

"ವಿದ್ಯಾ," ಎಂದಳು ಗುರುಬಸವ್ವ, ಹೊರಗೆ ನೋಡುತ್ತಲೇ. "ಅಂಗಡ್ಯಾಗ ಮೊದಲ ಚೊಲೋ ಐತ್ರಿ ಅಂದಿ, ಆಮ್ಯಾಲ ಬ್ಯಾಡ ಅಂದಿ."

"ಹೂಂ ರಿ."

"ಜವಳಿ ಮಾಡಾಗ ಆ ಹಸರ ಸೀರಿಗೂ ಚೊಲೋ ಐತಿ ಅಂದಿದ್ದಿ. ಖರೇ ಹೇಳು. ಅದೂ ಹಿಂಗನಾ?"

ಸಂಗು ಗಾಡಿಯ ವೇಗ ಇಳಿಸಿದ. ಚೊಲೋ ಇತ್ತು ಅಂದುಬಿಡು ಎಂದು ಮನಸ್ಸಿನಲ್ಲಿಯೇ ಹೇಳಿಕೊಂಡ. ಐದು ತಿಂಗಳು ಅವಳ ಬಾಯಿಂದ ಖರೆಯ ಮಾತಿಗೆ ಕಾದವನು ಈಗ ಒಂದು ಸುಳ್ಳಿಗಾಗಿ ಬೇಡಿಕೊಳ್ಳುತ್ತಿದ್ದ. ಅವನಿಗೆ ಅವನ ಮೇಲೇ ನಾಚಿಕೆಯಾಯಿತು.

"ಹಸರ ನನಗ ಅಷ್ಟ ಸೇರೂದಿಲ್ರಿ, ಅತ್ತಿ," ಎಂದಳು ವಿದ್ಯಾವತಿ. "ಸೀರಿ ಭಾರಿ ಐತಿ. ಬಣ್ಣ ಅಷ್ಟ."

ಬಿಜ್ಜರಗಿ ಬಂತು. ಗುರುಬಸವ್ವ ಇಳಿದು ಒಳಗೆ ಹೋದಳು. ಅಂದು ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ.

ಮರುದಿನ ಮಧ್ಯಾಹ್ನ ವಿದ್ಯಾವತಿ ಪಡಸಾಲೆಯಲ್ಲಿ ಹಳೆಯ ದುಪ್ಪಟಿ ಹಾಸಿಕೊಂಡು ಕುಳಿತು ಒಂದೊಂದೇ ಸಾಮಾನು ಜೋಡಿಸಿದಳು. ಸಂಗು ಸ್ಕ್ರೂ ಎಣಿಸಿ ಕೊಡುವ ಕೆಲಸಕ್ಕೆ ನಿಂತ. ಗುರುಬಸವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದು ಬೆಳ್ಳುಳ್ಳಿಗೆ ಒಂದು ತಾಸು ಹಿಡಿಯಿತೆಂದರೂ ಸುಳ್ಳಲ್ಲ. ಎರಡು ತಾಸಿನ ಮೇಲೆ ವಿದ್ಯಾವತಿ ಗುಂಡಿ ಒತ್ತಿದಳು. ಕರಿಯ ಡಬ್ಬಿಯ ಜಾಳಿಗೆಯ ಹಿಂದೆ ಫ್ಯಾನೊಂದು ತಿರುಗಿ ಕೆಂಪಗೆ ಹೊತ್ತಿಕೊಂಡಿತು. ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು.

"ಅತ್ತಿ, ಇತ್ತ ಬರ್ರಿ," ಎಂದಳು ವಿದ್ಯಾವತಿ. "ಇದೊಂದ ನಿಮಗಂತ ಹಾಕೇನಿ. ಈ ಗುಂಡಿ ಒತ್ತಿದ್ರ ಬಣ್ಣ ಬದಲಿ ಆಗತೈತಿ. ಯಾವ ಬಣ್ಣ ಬೇಕ್ರಿ?"

ಗುರುಬಸವ್ವ ಎದ್ದು ಬಂದಳು. "ನನ್ನ ಕೇಳಾಕತ್ತಿಯೇನ?"

"ಹೂಂ ರಿ. ನಿಮ್ಮನ್ನ."

ಗುರುಬಸವ್ವ ದುಪ್ಪಟಿಯ ಅಂಚಿನ ಮೇಲೆ ಕುಳಿತಳು. ಜಾಳಿಗೆಯ ಹತ್ತಿರ ಮುಖ ಒಯ್ದು ನೋಡಿದಳು.

"ಗಿಳಿಹಸರ," ಎಂದಳು ಕಡೆಗೆ. ಆಮೇಲೆ ಡಬ್ಬಿಗೆ ಹೇಳುವವಳಂತೆ ಮೆಲ್ಲಗೆ ಹೇಳಿದಳು. "ನನ್ನ ಜವಳಿ ಮಾಡಾಗ ನಮ್ಮತ್ತಿ ಕಂದು ಬಣ್ಣದ್ದ ಹಿಡದ್ಲು. ಹೊಲಸಾದ್ರ ಕಾಣೂದಿಲ್ಲ ಅಂತ. ಗಾದಿ ಮೂಲ್ಯಾಗ ಗಿಳಿಹಸರ ಸೀರಿ ಒಂದ ಮಡಚಿ ಇಟ್ಟಿದ್ರು. ಎಲ್ಲಾರೂ ಏಳೂ ತನಕಾ ನಾ ಅದನ್ನ ನೋಡಿಕೋತ ಕುಂತಿದ್ನಿ. ಯಾರೂ ಕೇಳಲಿಲ್ಲ. ಅದಕ್ಕ ನಿನಗರ ಇರಲಿ ಅಂತ ನಾ ತಗೊಂಡ್ನಿ. ನಿನ್ನ ಕೇಳೂದು ನನಗೂ ತಿಳೀಲಿಲ್ಲ."

ವಿದ್ಯಾವತಿ ಗುಂಡಿ ಒತ್ತಿದಳು. ನೀಲಿ ಬಂತು, ಹಳದಿ ಬಂತು, ಹಸಿರು ಬಂದಾಗ ಬೆರಳು ತೆಗೆದಳು. ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸಪ್ಪಳವಾಯಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ಆ ಸೀರೆಯಿತ್ತು. ಮದುವೆಯಲ್ಲಿ ಒಮ್ಮೆ ಉಟ್ಟು ಮಡಚಿಟ್ಟದ್ದು, ಆಮೇಲೆ ಮಡಿಕೆ ಬಿಚ್ಚಿರಲಿಲ್ಲ. ಅತ್ತೆಯ ತೊಡೆಯ ಮೇಲೆ ಇಟ್ಟಳು.

"ನೀವ ಉಡ್ರಿ."

"ನನಗೆಲ್ಲಿ, ಯವ್ವಾ. ಈ ವಯಸ್ಸಿನ್ಯಾಗ ನೋಡಿದವರು ನಗಲಿ ಅಂತಿಯೇನು?"

"ನಗಲಿ ಬಿಡ್ರಿ," ಎಂದು ವಿದ್ಯಾವತಿ ಕೀಬೋರ್ಡಿನ ಮುಂದೆ ಕುಳಿತು, ಮೊಬೈಲಿನ ನೆಟ್ ಜೋಡಿಸಿ ಹೆಡ್‌ಫೋನ್ ಏರಿಸಿದಳು. ಕಾಖಂಡಕಿಯಲ್ಲಿ ಶಮಾ ಆಗಲೇ ಗೇಮ್ ತೆರೆದು ಕಾದಿದ್ದಳು. "ಏ, ಆ ಕಡೆ ಹೋಗಬ್ಯಾಡ, ಬ್ಯಾಡ ಅಂದ್ರ ತಿಳಿಯೂದಿಲ್ಲೇನ," ಎಂದು ವಿದ್ಯಾವತಿ ಬೈಯತೊಡಗಿದಾಗ ಸಂಗು ಉಳಿದ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಹಾಗೇ ನಿಂತ.

ಗುರುಬಸವ್ವ ಬೆಳ್ಳುಳ್ಳಿ ಸುಲಿದ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಸೀರೆಯ ಒಂದೇ ಮಡಿಕೆ ಬಿಚ್ಚಿ, ಅದರ ಅಂಚನ್ನು ಜಾಳಿಗೆಯ ಬೆಳಕಿಗೆ ಹಿಡಿದು, ಎರಡೂ ಹಸಿರು ಒಂದೇ ಹೌದೋ ಅಲ್ಲವೋ ಎಂದು ನೋಡತೊಡಗಿದಳು.