ಕಮಲಿಯ ಬಾವಿ ನೀರು

ಬಾವಿಗಿಳಿಯುತ್ತಿದ್ದ ಕೊಡಪಾನದ ಹಗ್ಗವನ್ನು ಕಮಲಿ ನೆರೆಮನೆಯ ಬಂಗಾರಿಯ ಕೈಯಿಂದ ಕಸಿದುಕೊಂಡಳು.

“ಹೆಣ ಮೀಸೂಕೆ ಬೇಕಾರೆ ತಕಣಿ. ಅವ್ಳ ಬಾಯಿಗೆ ಬಿಡೂಕೆ ಈ ನೀರು ಬೇಡ.”

ಪಕ್ಕದ ಅಂಗಳದಲ್ಲಿ ಲಕ್ಕಿಯ ಹೆಣ ಮಲಗಿಸಿದ್ದರು. ರಾತ್ರಿ ಎದೆನೋವು ಎಂದವಳು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ತೆಂಗಿನಗುಂಡಿಯ ಆ ಕೇರಿಯಲ್ಲಿ ಬೇಸಿಗೆ ಬಂತೆಂದರೆ ಬಾವಿಗಳೆಲ್ಲ ಉಪ್ಪು, ನಳದಲ್ಲಿ ನೀರು ಬಂದರೆ ಪುಣ್ಯ. ಸಿಹಿನೀರೆಂದರೆ ಕಮಲಿಯ ಬಾವಿಯದು ಮಾತ್ರ.

“ಸತ್ತವಳ ಮೇಲೂ ಸಿಟ್ಟನೆ ನಿಂಗೆ?” ಬಂಗಾರಿ ಕೇರಿಗೆಲ್ಲ ಕೇಳುವಂತೆ ಅಂದಳು. “ಒಂದು ಹನಿ ನೀರಿಗೂ ಅಡ್ಡ ಬತ್ಯಲೆ!”

ಸಿಟ್ಟಲ್ಲ ಎನ್ನಲು ಕಮಲಿ ಬಾಯಿ ತೆರೆದಳು. ಆಮೇಲೆ ಹಗ್ಗವನ್ನು ಬಂಗಾರಿಯ ಕೈಗೇ ಕೊಟ್ಟು ಒಳಗೆ ಹೋದಳು.

*

ಹಿಂದಿನ ವರ್ಷ ಲಕ್ಕಿ ಭಟ್ಕಳಕ್ಕೆ ಹೋಗಿ ನೀರಿನ ಪರೀಕ್ಷೆ ಕಲಿತು ಬಂದಿದ್ದಳು. ಪಂಚಾಯ್ತಿಯವರು ಕೊಟ್ಟ ಚೀಲ ಹೆಗಲಿಗೇರಿಸಿ ಬಾವಿಯಿಂದ ಬಾವಿಗೆ ತಿರುಗಿದ್ದೇ ತಿರುಗಿದ್ದು. ಕಮಲಿಯ ಬಾವಿ ನೀರು ತುಂಬಿಟ್ಟ ಶೀಶೆ ಮರುದಿನ ಮಸಿಯಂತೆ ಕಪ್ಪಾಯಿತು; ನೀರಿಗೆ ಹೊಲಸು ಸೇರಿದ ಗುರುತು ಅದು. ಲಕ್ಕಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದಳು.

“ಕಮಲಕ್ಕ, ಪಾಯಖಾನೆ ಗುಂಡಿ ಬಾವಿಗೆ ಹತ್ರ ಆತು. ಕುದಿಸಿ ಕುಡಿರೆ. ಕೇರಿಯವರಿಗೂ ನೀನೇ ಹೇಳು.”

ಕಮಲಿ ಹೇಳಿದಳು, ನಡುಬೀದಿಯಲ್ಲಿ ನಿಂತು: “ಮೀನು ಕೊಯ್ದ ಕೈಲಿ ಶೀಶೆ ಮುಟ್ಟಿರೆ ಕಪ್ಪಾಗ್ದೆ ಮತ್ತೆಂತ ಆಗ್ತದೆ?”

ಕಮಲಿಯ ಕೈಯೇನು ಮಲ್ಲಿಗೆ ಕಟ್ಟಿದ ಕೈಯೇ? ಅದೂ ಮೀನು ಕೊಯ್ದದ್ದೇ. ಆದರೂ ಕೇರಿ ನಕ್ಕಿತು. ಆಮೇಲೆ ಯಾರೂ ಲಕ್ಕಿಗೆ ಬಾವಿ ಮುಟ್ಟಗೊಡಲಿಲ್ಲ. ಅವಳು ಚೀಲವನ್ನು ಪಂಚಾಯ್ತಿಗೆ ಹಿಂತಿರುಗಿಸಿ ಮತ್ತೆ ಮೀನುಬುಟ್ಟಿ ಹೊತ್ತಳು.

ಆ ಮಳೆಗಾಲ ಕಮಲಿಯ ಮೊಮ್ಮಗನಿಗೆ ಕಾಮಾಲೆಯಾಯಿತು. ಮಗು ಹೇಗೋ ಉಳಿಯಿತು. ಅಂದಿನಿಂದ ಅವಳು ಅಡುಗೆಮನೆ ಬಾಗಿಲು ಮುಚ್ಚಿಕೊಂಡು ನೀರು ಕುದಿಸತೊಡಗಿದಳು. ಕೇರಿಗೆ ಮಾತ್ರ ಹೇಳಲಿಲ್ಲ. ಶಿರಾಲಿ ಪೇಟೆಯಲ್ಲಿ ಲಕ್ಕಿ ಎದುರಾದಾಗಲೆಲ್ಲ ಇವತ್ತು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹಾಳು ಅಭಿಮಾನ, ಬಿಡಲಿಲ್ಲ.

*

“ಹೊತ್ತಾತು. ಬಾಯಿಗೆ ನೀರು ಬಿಡೋರು ಬನ್ನಿ,” ಎಂದ ಲಕ್ಕಿಯ ಗಂಡ ತಿಮ್ಮ.

ಎಲ್ಲರ ಸರದಿ ಮುಗಿಯುತ್ತ ಬಂದಾಗ ಕಮಲಿ ಹಬೆಯಾಡುವ ತಂಬಿಗೆ ಹಿಡಿದು ಬಂದಳು. ನೀರನ್ನು ತಂಬಿಗೆಯಿಂದ ಲೋಟಕ್ಕೆ, ಲೋಟದಿಂದ ತಂಬಿಗೆಗೆ ಎತ್ತಿ ಹೊಯ್ದು ಆರಿಸತೊಡಗಿದಳು. ಹೆಣ ಎತ್ತುವವರು ಕಾದು ನಿಂತರು.

“ಮರುಳನೆ ನಿಂಗೆ? ಹೆಣಕ್ಕೆ ಎಂತಕ್ಕೆ ಕುದಿಸಿದ ನೀರು?” ಬಂಗಾರಿ ಗದರಿದಳು.

“ನನ್ನ ಬಾವಿದು. ಅವ್ಳು ಹೇಳಿದ್ದು ಖರೆ.” ಕಮಲಿ ಕೇರಿಯವರತ್ತ ತಿರುಗಿದಳು. “ನಾ ವರ್ಷದಿಂದ ಕುದಿಸ್ಕಂಡೇ ಕುಡೀತೆ.”

ತಿಮ್ಮ ಅವಳ ಮುಖವನ್ನೇ ನೋಡಿದ. ಆಮೇಲೆ ಸರಿದು ಜಾಗ ಬಿಟ್ಟ.

ಕಮಲಿ ತುಳಸಿ ಎಲೆಯಿಂದ ನೀರು ಬಿಟ್ಟಳು. ಅದು ಒಳಗಿಳಿಯಲಿಲ್ಲ, ಮುಚ್ಚಿದ ತುಟಿಯಂಚಿನಿಂದ ಕತ್ತಿಗೆ ಹರಿಯಿತು. ಸೆರಗಿನಿಂದ ಒರೆಸಿ ಮತ್ತೆ ಬಿಟ್ಟಳು. ಅವಳ ಬೆನ್ನ ಹಿಂದೆ ಬಂಗಾರಿ ಬಾಯಿಗೆತ್ತಿದ್ದ ಬಾವಿ ನೀರಿನ ಲೋಟವನ್ನು ಕುಡಿಯದೆ ನೆಲಕ್ಕಿಟ್ಟಳು.